ಬಯಲಿಗೆ ಬರಬೇಕಾದ ಬೊಹೀಮಿಯದ ಸಂಗೀತ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲಸಿರುವ ಹಿರಿಯ ಕನ್ನಡಿಗರು, ತಮ್ಮ ಬಾಲ್ಯವನ್ನು ಧಾರವಾಡದಲ್ಲಿ ಕಳೆದಿರಲಿ, ಉಡುಪಿಯ ಕಡೆಯ ಹಳ್ಳಿಯಲ್ಲಿ ಕಳೆದಿರಲಿ, ಮುಂಬಯಿಯ ಚಾಳಿನ ಒಂಟಿ ಕೋಣೆಯಲ್ಲಿ ಕಳೆದಿರಲಿ, ಆಕಾಶವಾಣಿಯ ಬೆಳಗಿನ ಪ್ರಸಾರಕ್ಕೆ ಮುನ್ನ ತಂಬೂರಿಯ ಶ್ರುತಿಯ ಮೇಲೆ ಪಿಟೀಲು ನುಡಿಯುತ್ತಿದ್ದ ಆ ಪುಟ್ಟ ರಚನೆಯನ್ನು ಕೇಳದೆ ಬೆಳೆದವರಲ್ಲ. ಶಿವರಂಜನಿಯ ಛಾಯೆಯುಳ್ಳ ಆ ರಚನೆಯ ಕರ್ತೃವೆಂದು ಪ್ರಸಿದ್ಧನಾದವನು ವಾಲ್ಟರ್ ಕೌಫ್‌ಮನ್. 1907ರಲ್ಲಿ ಬೊಹೀಮಿಯದ ಕಾರ್ಲ್ಸ್‌ಬಾಡಿನಲ್ಲಿ, ಎಂದರೆ ಇಂದಿನ ಚೆಕ್ ದೇಶದ ಕಾರ್ಲೊವಿ ವಾರಿಯಲ್ಲಿ, ಜನಿಸಿದ ಯಹೂದಿ.

ಹಿಟ್ಲರನ ಆಳ್ವಿಕೆಯ ಭೀತಿ ಯುರೋಪನ್ನು ಆವರಿಸುತ್ತಿದ್ದ 1934ರಲ್ಲಿ ಅವನು ಮುಂಬಯಿಗೆ ಬಂದಿಳಿದನು. ನಮ್ಮ ಸಂಗೀತ ಮೊದಮೊದಲು ಅವನಿಗೆ ತೀರ ಅನ್ಯವೆನಿಸಿತು. ಆದರೆ ಅಸಂಖ್ಯ ಜನರ ಹೃದಯವನ್ನು ತಣಿಸುವ ಕಲೆ ತನಗೆ ರುಚಿಸದಿದ್ದರೆ ಕೊರತೆ ತನ್ನಲ್ಲಿಯೇ ಇರಬೇಕೆಂದು ಬಗೆದು, ಅದರ ಅಭ್ಯಾಸಕ್ಕೆ ತೊಡಗಿದನು. ಈ ವಿನಯವೇ ಅವನ ಜೀವನದ ದಿಕ್ಕನ್ನು ನಿರ್ಧರಿಸಿತೆಂದು ನನ್ನ ಭಾವನೆ. 1937ರಿಂದ 1946ರ ವರೆಗೆ ಅವನು ಮುಂಬಯಿ ಆಕಾಶವಾಣಿಯಲ್ಲಿ ಪಾಶ್ಚಾತ್ಯ ಸಂಗೀತದ ಹೊಣೆ ಹೊತ್ತಿದ್ದನು. ಅವನು ಕಟ್ಟಿದ ಚೇಂಬರ್ ಸಂಗೀತದ, ಎಂದರೆ ಕೆಲವೇ ವಾದ್ಯಗಳು ಕೂಡಿ ನುಡಿಸುವ ಸಂಗೀತದ, ಸಂಘದಲ್ಲಿ ಪಿಟೀಲು ನುಡಿಸಿದವರಲ್ಲಿ ಪ್ರಸಿದ್ಧ ವಾದ್ಯವೃಂದ ನಿರ್ದೇಶಕ ಜುಬಿನ್ ಮೆಹತಾರ ತಂದೆ ಮೆಹ್ಲಿ ಮೆಹತಾ ಒಬ್ಬರು. ಮುಂದೆ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿ, 1968ರಲ್ಲಿ ಉತ್ತರ ಭಾರತದ ರಾಗಗಳನ್ನೂ 1976ರಲ್ಲಿ ದಕ್ಷಿಣ ಭಾರತದ ರಾಗಗಳನ್ನೂ ಕುರಿತು ಬೃಹದ್ಗ್ರಂಥಗಳನ್ನು ಪ್ರಕಟಿಸಿದನು.

ಕೌಫ್‌ಮನ್ನನು ಹುಟ್ಟಿದ ನಾಡಿನ ಸಂಗೀತಕ್ಕೆ ಬಯಲು ಹೊಸದಲ್ಲ. ಅಲ್ಲಿಯ ಪೋಲ್ಕಾ, ಫ್ಯೂರಿಯಂಟ್ ಮೊದಲಾದ ಕುಣಿತಗಳು ಹಳ್ಳಿಯ ಅಂಗಳದಲ್ಲಿ ಬೆಳೆದು, ಬಳಿಕ ಸಿಂಫನಿಯ ಸಭಾಮಂದಿರವನ್ನು ಪ್ರವೇಶಿಸಿದವು. ಫ್ಯೂರಿಯಂಟಿನಲ್ಲಿ ಮೂರು ಮಾತ್ರೆಗಳ ಗತಿಯ ಮೇಲೆ ಎರಡೆರಡು ಮಾತ್ರೆಗಳ ಪೆಟ್ಟು ಬಂದು ಕೂಡುವ ಚಮತ್ಕಾರ, ಲಯದ ವಿಷಯದಲ್ಲಿ ಪಳಗಿದ ನಮ್ಮ ಕಿವಿಗೆ ಕೂಡಲೆ ಹಿಡಿಯುವಂಥದು. 1878ರಲ್ಲಿ ಅಲ್ಲಿಯ ರಚನಕಾರ ಡ್ವೊರ್ಜಾಕನ ಸ್ಲಾವಿಕ್ ನೃತ್ಯಗಳು ಹೊರಬಂದಾಗ ಅವನ ಕೀರ್ತಿ ಯುರೋಪಿನಲ್ಲೆಲ್ಲ ಹರಡಿದುದು ಈ ಗ್ರಾಮ್ಯ ಚೈತನ್ಯದಿಂದಲೇ. ನೆರೆಯ ಮೊರಾವಿಯದ ರಚನಕಾರ ಯಾನಾಚೆಕ್ಕನಂತೂ ಉದ್ಯಾನವೊಂದರಲ್ಲಿ ಸೈನಿಕರ ಬ್ಯಾಂಡನ್ನು ಕೇಳಿ ಪಡೆದ ಪ್ರೇರಣೆಯನ್ನು ಮರೆಯದೆ, 1926ರ ತನ್ನ ಸಿಂಫೊನಿಯೆಟ್ಟಾವನ್ನು ಒಂಬತ್ತು ಟ್ರಂಪೆಟ್ಟುಗಳ ಘೋಷದಿಂದ ತೊಡಗಿಸಿದನು.

ಡ್ವೊರ್ಜಾಕನ ವಿಷಯದಲ್ಲಿ ಇನ್ನೂ ಕೆಲವು ಮಾತುಗಳನ್ನು ಹೇಳಬೇಕು. ಏಕೆಂದರೆ ಠಾಣೆ, ಕಲ್ಯಾಣಗಳ ಕಡೆಯ ಈ ಊರುಗಳ ಜನಕ್ಕೆ ಅವನಷ್ಟು ಆಪ್ತನಾಗಬಲ್ಲ ಪಾಶ್ಚಾತ್ಯ ಸಂಗೀತಗಾರ ಮತ್ತೊಬ್ಬನಿಲ್ಲ. 1841ರಲ್ಲಿ ಪ್ರಾಗ್ ಸಮೀಪದ ಹಳ್ಳಿಯೊಂದರಲ್ಲಿ ಕಟುಕನ ಮಗನಾಗಿ ಹುಟ್ಟಿದ ಅವನು ಬಾಲ್ಯದಲ್ಲಿ ಮನೆಯ ಮುಂದೆಯೇ ರೈಲುದಾರಿ ಹಾದುಹೋದುದನ್ನು ಕಂಡನು. ಉಗಿಬಂಡಿಯ ಮೇಲಿನ ಆ ಮೋಹ ಅವನನ್ನು ಕಡೆಯ ವರೆಗೂ ಬಿಡಲಿಲ್ಲ. ಬೋರಿಬಂದರಿನಿಂದ ಠಾಣೆಗೆ ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಓಡಿ, ಮರುವರ್ಷ ಹಳಿ ಕಲ್ಯಾಣದ ವರೆಗೆ ಬಂದುದು ಅದೇ ಕಾಲದಲ್ಲಿ. ಹಳಿಯಿಂದಲೇ ಬೆಳೆದ ಈ ಊರುಗಳಿಗೆ ಊರು ಬಿಟ್ಟು ಬಂದವರ ಮನಸ್ಸು ಹೊಸದಲ್ಲ; ಅದನ್ನು ಡ್ವೊರ್ಜಾಕನೂ ಅನುಭವಿಸಿ ಬಲ್ಲವನು. ನ್ಯೂಯಾರ್ಕಿನ ಸಂಗೀತಶಾಲೆಯ ಮುಖ್ಯಸ್ಥನಾಗಿ 1892ರಲ್ಲಿ ಹೋದ ಅವನು, ಮರುವರ್ಷದ ಬೇಸಗೆಯನ್ನು ಅಯೋವಾ ಪ್ರಾಂತದ ಸ್ಪಿಲ್‌ವಿಲ್ ಎಂಬ ಹಳ್ಳಿಯಲ್ಲಿ, ತನ್ನ ಭಾಷೆಯನ್ನೇ ಆಡುತ್ತಿದ್ದ ವಲಸಿಗ ಚೆಕ್ಕರ ನಡುವೆ ಕಳೆದನು. 1893ರ ಡಿಸೆಂಬರಿನಲ್ಲಿ ಕಾರ್ನೆಗಿ ಸಭಾಂಗಣದಲ್ಲಿ ಮೊದಲು ಕೇಳಿಬಂದ ‘ಹೊಸ ಜಗತ್ತು’ ಸಿಂಫನಿಯ ಎರಡನೆಯ ಭಾಗದಲ್ಲಿ ಇಂಗ್ಲಿಷ್ ಹಾರ್ನ್ ಎಂಬ ಸುಷಿರವಾದ್ಯ ಹಾಡುವ ಧಾಟಿಯ ಮೊದಲ ಸಾಲುಗಳು ಐದೇ ಸ್ವರಗಳಲ್ಲಿ, ನಮ್ಮ ಮೋಹನಕ್ಕೆ ಸಮೀಪವಾಗಿ ಸುಳಿಯುವುವು. ಡ್ವೊರ್ಜಾಕನು ಸ್ವತಃ ಕಟ್ಟಿದ ಆ ಧಾಟಿಯನ್ನು ಎಷ್ಟೋ ಜನ ಜಾನಪದವೆಂದೇ ನಂಬಿದರು; ಅವನ ಶಿಷ್ಯನೊಬ್ಬನು ಮುಂದೆ ಅದಕ್ಕೆ ಮನೆಗೆ ಮರಳುವ ಭಾವದ ಮಾತುಗಳನ್ನು ಹೊಂದಿಸಿದನು.

ಈ ಸಂಗೀತ ನಮ್ಮ ಊರುಗಳ ಬಯಲಿಗೆ ಬರಬೇಕೆಂಬುದು ನನ್ನ ಆಸೆ; ಆದರೆ ಬಯಲಿನಲ್ಲಿ ವಾದ್ಯವೃಂದವನ್ನು ನುಡಿಸುವುದು ಸುಲಭವಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಸಭಾಂಗಣದ ಗೋಡೆಗಳು ನಾದವನ್ನು ಹಿಂದಿರುಗಿಸಿ ಪುಷ್ಟಿಗೊಳಿಸುವುವು. ತೆರೆದ ಆಕಾಶದ ಅಡಿಯಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಧ್ವನಿ ಸುಮಾರು 6 ಡೆಸಿಬೆಲ್ ಇಳಿಯುವುದು. ಮೊದಲು ಕಳೆದುಹೋಗುವುದು ತಂತಿವಾದ್ಯಗಳ ಮಾರ್ದವ; ಹಿತ್ತಾಳೆಯ ವಾದ್ಯಗಳೂ ಭೇರಿಗಳೂ, ಬಯಲಾಟದ ಚಂಡೆಯಂತೆ, ದೂರಕ್ಕೂ ಕೇಳಿಸುವುವು. ಆದುದರಿಂದ ವೇದಿಕೆಯ ಹಿಂದೆ ಚಿಪ್ಪಿನಾಕಾರದ ಮರೆಯನ್ನು ಕಟ್ಟುವರು. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರು ಮಾತ್ರ ಸಾಗುವುದರಿಂದ, ಹಿಂದಿನ ಸಾಲುಗಳ ಧ್ವನಿವರ್ಧಕಗಳನ್ನು ತುಸು ತಡೆದು ನುಡಿಸಿ ಮಾರುಲಿ ಕೇಳದಂತೆ ಮಾಡುವರು. ಸೆಕೆಗೆ ಕೊಳಲಿನ ಶ್ರುತಿ ಏರುವುದು, ತಂತಿ ಇಳಿಯುವುದು. ಖಾಡಿಯ ಕಡೆಯಿಂದ ಬೀಸುವ ತೇವದ ಗಾಳಿಗೆ ಪಿಟೀಲಿನ ಮರ ಉಬ್ಬುವುದು. ಇಂಥ ಕಚೇರಿಗೆ ಇಲ್ಲಿ ಯೋಗ್ಯವಾದುದು ಡಿಸೆಂಬರಿನಿಂದ ಫೆಬ್ರವರಿಯ ವರೆಗಿನ ಒಣಹವೆಯ ಕಾಲ.

ಈ ತೊಡಕುಗಳಿದ್ದರೂ ನಮಗೆ ಬಯಲೇ ಗತಿ: 2006ರಲ್ಲಿ ಸ್ಥಾಪಿತವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾದ ನೆಲೆ ಮುಂಬಯಿಯ ದಕ್ಷಿಣ ತುದಿಯ ನರಿಮನ್ ಪಾಯಿಂಟಿನಲ್ಲಿ. ಡೊಂಬಿವಲಿ ಆ ಕಡೆಯ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಿಂದ ಸುಮಾರು 48 ಕಿಲೋಮೀಟರು ದೂರ. ದಿನವಿಡೀ ದುಡಿದು ಬಂದ ಸಂಸಾರಸ್ಥರು ರಾತ್ರಿ ಮಕ್ಕಳೊಡನೆ ಮತ್ತೆ ಅಷ್ಟು ದೂರ ಹೋಗಿ ಬರಬೇಕೆನ್ನುವುದು ಅನ್ಯಾಯ. ಠಾಣೆಯ ಗಡಕರಿ ರಂಗಾಯತನ, ಕಲ್ಯಾಣದ ಅತ್ರೆ ರಂಗಮಂದಿರ, ವಾಶಿಯ ವಿಷ್ಣುದಾಸ ಭಾವೆ ನಾಟ್ಯಗೃಹ ಇವೆಲ್ಲ ಮುಖ್ಯವಾಗಿ ನಾಟಕಕ್ಕಾಗಿ ಕಟ್ಟಿದವು. ಆದರೆ ಬಯಲಿಗೆ ಇಲ್ಲಿ ಕೊರತೆಯಿಲ್ಲ. ಬಯಲಿನಲ್ಲಿ ಸಂಗೀತ ಕೇಳುವ ಅಭ್ಯಾಸಕ್ಕೂ ಕೊರತೆಯಿಲ್ಲ. ದೀಪಾವಳಿಯ ಬೆಳಗಿನಲ್ಲಿ ಡೊಂಬಿವಲಿಯ ಫಡಕೆ ರಸ್ತೆಯಲ್ಲೂ ಠಾಣೆಯ ತಲಾವ್‌ಪಾಳಿಯಲ್ಲೂ ತರುಣರು ಹೊಸ ಬಟ್ಟೆಯುಟ್ಟು ಸಾವಿರಗಟ್ಟಲೆ ನೆರೆದು ಸಂಗೀತ ಕೇಳುವರು. ಠಾಣೆಯ ಉಪವನ ಕೆರೆಯ ದಡದಲ್ಲಿ ಕಲಾ ಉತ್ಸವಗಳು ನಡೆದಿವೆ. ನೆರೂಳಿನ ಕ್ರೀಡಾಂಗಣದಲ್ಲಿ 2025ರ ಜನವರಿಯಲ್ಲಿ ಕೋಲ್ಡ್‌ಪ್ಲೇ ತಂಡ ಮೂರು ದಿನ ಹಾಡಿತು. ಅಷ್ಟು ಜನವನ್ನು ಕೂರಿಸಿ ಕಳುಹಿಸಬಲ್ಲ ಪ್ರದೇಶಕ್ಕೆ ಎಪ್ಪತ್ತೆಂಬತ್ತು ವಾದ್ಯಗಾರರನ್ನು ಬರಮಾಡಿಕೊಳ್ಳುವುದು ಅಸಾಧ್ಯವೆ?

ಉಪವನದ ದಡದಲ್ಲೇ ಆಗಲಿ ಖಾರ್ಘರಿನ ಸೆಂಟ್ರಲ್ ಪಾರ್ಕಿನಲ್ಲೇ ಆಗಲಿ ಅಂಥ ಸಂಜೆಯೊಂದು ಕೂಡಿಬಂದರೆ, ಮೊದಲು ಎರಡು ಮೂರು ಸ್ಲಾವಿಕ್ ನೃತ್ಯಗಳಿರಲಿ. ಬಳಿಕ ಅದೇ ನಾಡಿನ ರಚನಕಾರ ಸ್ಮೆಟಾನನ ‘ವಲ್ಟಾವಾ’ ಬರಲಿ: 1874ರಲ್ಲಿ ಕಿವಿ ಸಂಪೂರ್ಣ ಕಿವುಡಾದ ಕೆಲವೇ ವಾರಗಳಲ್ಲಿ ಅವನು ರಚಿಸಿದ ಆ ಕೃತಿಯಲ್ಲಿ ಎರಡು ತೊರೆಗಳು ಕೊಳಲುಗಳಾಗಿ ಹುಟ್ಟಿ, ಕೂಡಿ, ಹಳ್ಳಿಯ ಮದುವೆಯ ಪೋಲ್ಕಾವನ್ನು ಹಾದು, ಪ್ರಾಗ್ ನಗರದ ಮುಂದೆ ಮಹಾನದಿಯಾಗಿ ಹರಿಯುವುವು. ಅನಂತರ ‘ಹೊಸ ಜಗತ್ತು’. ಕೌಫ್‌ಮನ್ನನದೂ ಒಂದು ಕೃತಿಯಿರಬೇಕು. ಟೊರಾಂಟೊದ ಎ.ಆರ್.ಸಿ. ತಂಡ 2020ರಲ್ಲಿ ಅವನ ಚೇಂಬರ್ ಕೃತಿಗಳನ್ನು ಧ್ವನಿಮುದ್ರಿಸಿ ಹೊರತಂದಿದೆ; ಅವನು ಹನ್ನೆರಡು ವರ್ಷ ಬಾಳಿದ ಮುಂಬಯಿಯ ಸುತ್ತಣ ಜನವೂ ಅವುಗಳನ್ನು ಕೇಳಬೇಡವೆ? ಸಂಜೆ ಆರಕ್ಕೆ ತೊಡಗಿದರೆ ಎಂಟೂವರೆಯೊಳಗೆ ಇಷ್ಟೂ ಮುಗಿಯುವುದು. ಬದಲಾಪುರದವರಿಗೂ ಪನ್ವೇಲಿನವರಿಗೂ ಮನೆಗೆ ಹೋಗಲು ಬೇಕಾದಷ್ಟು ಲೋಕಲ್ ಗಾಡಿಗಳಿರುವುವು.