ಬ್ರಹ್ಮಕಮಲವೂ ಕಳ್ಳಿಯೇ: ಮನೆಯಂಗಳದ ಕ್ಯಾಕ್ಟಸ್‌ಗಳ ಗುರುತು ಮತ್ತು ಆರೈಕೆ

ಮಳೆಗಾಲದ ಒಂದು ರಾತ್ರಿ ಹತ್ತು ಗಂಟೆಯ ಸುಮಾರಿಗೆ ಪಕ್ಕದ ಮನೆಯವರು ಬಾಗಿಲು ತಟ್ಟಿ 'ಬ್ರಹ್ಮಕಮಲ ಅರಳಿದೆ, ಬನ್ನಿ' ಎಂದು ಕರೆಯುವುದು ನಮ್ಮ ಊರುಗಳಲ್ಲಿ ಹೊಸತೇನಲ್ಲ. ಕುಂಡದ ಮುಂದೆ ದೀಪ, ಊದುಬತ್ತಿ, ಅರಿಸಿನ-ಕುಂಕುಮ, ಬಂದವರಿಗೆ ಕಾಫಿ. ಬೆಳಗಾಗುವಷ್ಟರಲ್ಲಿ ಹೂವು ಜೋತುಬಿದ್ದಿರುತ್ತದೆ. ಆದರೆ ಇದು ಹಿಮಾಲಯದ ಬ್ರಹ್ಮಕಮಲವಲ್ಲ. ಅದು ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಬೇರೊಂದು ಸಸ್ಯ. ನಮ್ಮ ಕುಂಡದಲ್ಲಿರುವುದು ಎಪಿಫಿಲಮ್ ಆಕ್ಸಿಪೆಟಲಮ್. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಾಡುಗಳಲ್ಲಿ ಮರದ ಕೊಂಬೆಗಳನ್ನು ಆಶ್ರಯಿಸಿ ಬೆಳೆಯುವ ಅಪ್ಪಟ ಕ್ಯಾಕ್ಟಸ್. ನಾವು ಎಲೆ ಎಂದು ಕರೆಯುವುದು ಅದರ ಚಪ್ಪಟೆಯಾದ ಕಾಂಡ. 'ಮನೆಯಲ್ಲಿ ಕಳ್ಳಿ ಇಡಬಾರದು' ಎನ್ನುವ ಹಿರಿಯರ ಮನೆಯಲ್ಲೇ ಕಳ್ಳಿಯೊಂದು ವರ್ಷವರ್ಷವೂ ಪೂಜೆ ಪಡೆಯುತ್ತಿದೆ.

ಈ ಸಂಗತಿ ನನಗೆ ತಿಳಿದದ್ದು ಎರಡು ಗಿಡಗಳನ್ನು ಕೆಡಿಸಿದ ಮೇಲೆ. ಒಂದಿಷ್ಟು ಹೆಚ್ಚೇ ಹಣ ತೆತ್ತು ನರ್ಸರಿಯೊಂದರಿಂದ ತಂದ ಆಸ್ಟ್ರೋಫೈಟಮ್‌ಗೆ, ಮಾರಿದವರು ಹೇಳಿದಂತೆ, ವಾರಕ್ಕೊಂದು ಲೋಟ ನೀರು ತಪ್ಪದೆ ಹಾಕುತ್ತಿದ್ದೆ. ಜುಲೈ ತಿಂಗಳ ಜಡಿಮಳೆಯಲ್ಲೂ ಆ ನೇಮ ತಪ್ಪಲಿಲ್ಲ. ಮೇಲೆ ಹಸಿರಾಗಿಯೇ ಇದ್ದ ಗಿಡ ಒಂದು ದಿನ ಬೆರಳು ತಾಗಿದ ಕೂಡಲೇ ವಾಲಿತು. ಬುಡದಲ್ಲಿ ಬೇರೇ ಇರಲಿಲ್ಲ, ಕಂದು ಬಣ್ಣದ ಕೆಸರಿತ್ತು. ಕಳ್ಳಿಗೆ ನೀರೇ ಬೇಡವೆಂದು ಅಂದು ನಿರ್ಧರಿಸಿ ಬ್ರಹ್ಮಕಮಲಕ್ಕೂ ನೀರು ನಿಲ್ಲಿಸಿದೆ. ಅದರ ಕಾಂಡಗಳು ಕಾಗದದಂತೆ ತೆಳುವಾಗಿ, ಮೊಗ್ಗುಗಳು ಉದುರಿಹೋದವು. ಎರಡೂ ಒಂದೇ ಕುಟುಂಬದ ಗಿಡಗಳು. ಒಂದರ ತವರು ಬಂಜರು ಬಯಲು, ಇನ್ನೊಂದರದು ಹಸಿ ಕಾಡು. ಗಿಡದ ಹೆಸರು ತಿಳಿದರೆ ತವರು ತಿಳಿಯುತ್ತದೆ, ತವರು ತಿಳಿದರೆ ನೀರಿನ ಲೆಕ್ಕ ತಿಳಿಯುತ್ತದೆ. ಆರೈಕೆಗಿಂತ ಮೊದಲು ಗುರುತಿನ ಮಾತು ಬರುವುದು ಈ ಕಾರಣಕ್ಕೆ.

ಮುಳ್ಳಿದ್ದದ್ದೆಲ್ಲ ಕ್ಯಾಕ್ಟಸ್ ಅಲ್ಲ

ಹೊಲದ ಬೇಲಿಯ ಎಲೆಗಳ್ಳಿ, ಜಡೆಗಳ್ಳಿಗಳು ಕ್ಯಾಕ್ಟಸ್‌ಗಳಲ್ಲ. ಅವು ಯೂಫೋರ್ಬಿಯಾ ಜಾತಿಯವು, ಹರಳು ಗಿಡದ ಬಂಧುಗಳು. ಭಾರತದ ಮಣ್ಣಿನಲ್ಲಿ ಸಹಜವಾಗಿ ಹುಟ್ಟಿದ ಕ್ಯಾಕ್ಟಸ್ ಒಂದೂ ಇಲ್ಲ. ಈ ಕುಟುಂಬದ 1,500ಕ್ಕೂ ಹೆಚ್ಚು ಪ್ರಭೇದಗಳ ತವರು ಅಮೆರಿಕ ಖಂಡಗಳು. ಆಫ್ರಿಕಾ ಮತ್ತು ಶ್ರೀಲಂಕಾಗಳಲ್ಲೂ ಸಹಜವಾಗಿ ಬೆಳೆಯುವ ರಿಪ್ಸಾಲಿಸ್‌ನ ಒಂದು ಪ್ರಭೇದ ಮಾತ್ರ ಇದಕ್ಕೆ ಅಪವಾದ.

ಗುರುತು ಹಿಡಿಯಲು ಮುಳ್ಳನ್ನಲ್ಲ, ಮುಳ್ಳಿನ ಬುಡವನ್ನು ನೋಡಬೇಕು. ಕ್ಯಾಕ್ಟಸ್‌ನಲ್ಲಿ ಮುಳ್ಳುಗಳು ನುಣುಪಾದ, ತುಪ್ಪಳದಂತಹ ಪುಟ್ಟ ಗದ್ದುಗೆಯೊಂದರಿಂದ ಮೂಡುತ್ತವೆ. ಇದಕ್ಕೆ ಏರಿಯೋಲ್ ಎಂದು ಹೆಸರು. ಯೂಫೋರ್ಬಿಯಾದಲ್ಲಿ ಇದು ಇರುವುದಿಲ್ಲ. ಮುಳ್ಳುಗಳು ಸಾಮಾನ್ಯವಾಗಿ ಜೋಡಿಯಾಗಿ ನೇರ ತೊಗಟೆಯಿಂದಲೇ ಬರುತ್ತವೆ. ಗೀರಿದರೆ ಬಿಳಿ ಹಾಲು ಸುರಿಯುವುದು ಇನ್ನೊಂದು ಲಕ್ಷಣ. ಆದರೆ ಹಾಲನ್ನಷ್ಟೇ ನಂಬುವಂತಿಲ್ಲ, ಮ್ಯಾಮಿಲೇರಿಯಾ ಎಂಬ ಕ್ಯಾಕ್ಟಸ್‌ನ ಕೆಲವು ಪ್ರಭೇದಗಳಲ್ಲೂ ಹಾಲುಂಟು. ಯೂಫೋರ್ಬಿಯಾದ ಹಾಲು ಕಣ್ಣಿಗೆ ಅಪಾಯಕಾರಿ. ಮಕ್ಕಳಿರುವ ಮನೆಯಲ್ಲಿ ಈ ಪರೀಕ್ಷೆಗೆ ಹೋಗದಿರುವುದೇ ಲೇಸು.

ಗುರುತು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಪಾಪಾಸುಕಳ್ಳಿಯ ಕಥೆಯೇ ಸಾಕ್ಷಿ. ಇದು ನಿಜವಾದ ಕ್ಯಾಕ್ಟಸ್, ಒಪುಂಶಿಯಾ. ಅದರ ಮೇಲೆ ಬದುಕುವ ಕೊಚಿನೀಲ್ ಕೀಟದಿಂದ ಕೆಂಪು ಬಣ್ಣ ತೆಗೆದು ಲಾಭ ಗಳಿಸುವ ಆಸೆ ಈಸ್ಟ್ ಇಂಡಿಯಾ ಕಂಪನಿಗಿತ್ತು. 1795ರಲ್ಲಿ ಬ್ರೆಜಿಲ್‌ನಿಂದ ತರಿಸಿದ ಕೀಟ ಬಣ್ಣದ ಕೀಟವಾಗಿರಲಿಲ್ಲ, ಅದರದೇ ಕುಲದ ಇನ್ನೊಂದಾಗಿತ್ತು. ಬಣ್ಣ ಕೈಗೂಡಲಿಲ್ಲ, ಕೀಟ ಮಾತ್ರ ಕಳ್ಳಿಯನ್ನು ತಿಂದು ಮುಗಿಸಿತು. ಕಳೆಯೊಂದನ್ನು ಕೀಟದಿಂದ ನಿಯಂತ್ರಿಸಿದ ಮೊದಲ ನಿದರ್ಶನಗಳಲ್ಲಿ ಇದೂ ಒಂದೆಂದು ಇಂದು ವಿಜ್ಞಾನಿಗಳು ಹೇಳುತ್ತಾರೆ. ದಕ್ಷಿಣ ಭಾರತದಲ್ಲಿ ಹಬ್ಬಿದ ಮತ್ತೊಂದು ಪಾಪಾಸುಕಳ್ಳಿಯನ್ನು ಹತೋಟಿಗೆ ತರಲು 1926ರಲ್ಲಿ ಶ್ರೀಲಂಕಾದಿಂದ ಬೇರೆ ಕೀಟವನ್ನು ತರಬೇಕಾಯಿತು. ಈ ಬಾರಿ ಗುರುತು ತಪ್ಪಲಿಲ್ಲ.

ಸಂಗ್ರಾಹಕರ ಮೆಚ್ಚಿನ ಕೆಲವು

ಮ್ಯಾಮಿಲೇರಿಯಾದಲ್ಲಿ ಉದ್ದುದ್ದ ಏಣುಗಳಿರುವುದಿಲ್ಲ; ಮೈತುಂಬ ಸುರುಳಿಯಾಗಿ ಜೋಡಿಸಿದ ಮೊಲೆತೊಟ್ಟಿನಂತಹ ಉಬ್ಬುಗಳು. ಹೂವುಗಳು ಆ ಉಬ್ಬುಗಳ ಸಂದಿನಿಂದ, ನೆತ್ತಿಯ ಸುತ್ತ ಬಳೆಯಂತೆ ಅರಳುತ್ತವೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಗಿಡವಿಲ್ಲ. ಜಿಮ್ನೋಕ್ಯಾಲಿಸಿಯಮ್‌ನ ಮೊಗ್ಗು ಮುಳ್ಳು-ರೋಮಗಳಿಲ್ಲದೆ ನುಣ್ಣಗಿರುತ್ತದೆ. ಹಲವು ಪ್ರಭೇದಗಳಲ್ಲಿ ಏರಿಯೋಲಿನ ಕೆಳಗೆ ಗಲ್ಲದಂತಹ ಉಬ್ಬು ಕಾಣುತ್ತದೆ. ಆಸ್ಟ್ರೋಫೈಟಮ್‌ನ ಮೈಮೇಲೆ ಸುಣ್ಣದ ಹನಿ ಚಿಮುಕಿಸಿದಂತೆ ಬಿಳಿ ಚುಕ್ಕಿಗಳು. ಅದರಲ್ಲಿ ಆಸ್ಟೀರಿಯಾಸ್ ಎಂಬುದಕ್ಕೆ ಮುಳ್ಳಿಲ್ಲ, ಸಾಮಾನ್ಯವಾಗಿ ಎಂಟು ಏಣುಗಳು. ಇದನ್ನು ಹೋಲುವ ಪೆಯೋಟೆ ಎಂಬ ಕ್ಯಾಕ್ಟಸ್‌ನಲ್ಲಿ ಬಿಳಿ ಚುಕ್ಕಿಗಳಿರುವುದಿಲ್ಲ, ಅಲ್ಲಲ್ಲಿ ಉಣ್ಣೆಯ ಕುಚ್ಚುಗಳಿರುತ್ತವೆ. ಪೆಯೋಟೆಯಲ್ಲಿರುವ ಮೆಸ್ಕಲಿನ್, ಮಾದಕವಸ್ತುಗಳ ಕುರಿತ 1985ರ ಕಾಯ್ದೆಯ ಪಟ್ಟಿಯಲ್ಲಿದೆ. ಹೆಸರು ಕೇಳದೆ ಕೊಂಡರೆ ಇಂಥ ತೊಡಕೂ ಬರಬಹುದು.

ಮೆಲೊಕ್ಯಾಕ್ಟಸ್ ಪ್ರಾಯಕ್ಕೆ ಬಂದಾಗ ನೆತ್ತಿಯ ಮೇಲೆ ಉಣ್ಣೆ ಮತ್ತು ಬಿರುಗೂದಲಿನ ಟೋಪಿ ಬೆಳೆಸಿಕೊಳ್ಳುತ್ತದೆ. ಆಮೇಲೆ ಬೆಳೆಯುವುದು ಟೋಪಿ ಮಾತ್ರ, ದೇಹವಲ್ಲ. ಅಂತಹ ಗಿಡದ ಕುಂಡವನ್ನು ಸುಮ್ಮನೆ ಬದಲಿಸಬಾರದು, ಬೇರು ಕದಲಿದರೆ ಸಹಿಸುವುದಿಲ್ಲ.

ಚಿನ್ನದ ಬಣ್ಣದ ಮುಳ್ಳಿನ ದುಂಡು ಕಳ್ಳಿಯನ್ನು ನೋಡದವರಿಲ್ಲ. ಎಕಿನೊಕ್ಯಾಕ್ಟಸ್ ಗ್ರುಸೊನಿ ಎಂಬ ಇದಕ್ಕೆ ಇಂಗ್ಲಿಷರು 'ಅತ್ತೆಯ ದಿಂಬು' ಎಂದು ತಮಾಷೆಯ ಹೆಸರಿಟ್ಟಿದ್ದಾರೆ. ಲೋಕದ ನರ್ಸರಿಗಳಲ್ಲೆಲ್ಲ ಹೇರಳವಾಗಿರುವ ಈ ಗಿಡ ತನ್ನ ತವರಿನಲ್ಲೇ ಅಳಿವಿನ ಅಂಚಿನಲ್ಲಿದೆ. ಮೆಕ್ಸಿಕೊದಲ್ಲಿ 1990ರ ದಶಕದಲ್ಲಿ ಕಟ್ಟಿದ ಸಿಮಾಪಾನ್ ಅಣೆಕಟ್ಟೆಯ ಹಿನ್ನೀರಿನಲ್ಲಿ ಅದರ ನೆಲೆಯ ಒಂದು ಭಾಗ ಮುಳುಗಡೆಯಾಯಿತು.

ಹಸಿರು ಕಾಲಿನ ಮೇಲೆ ಕೆಂಪು ಅಥವಾ ಹಳದಿ ಚೆಂಡು ಕೂರಿಸಿದಂತಹ ಗಿಡ ಮಾರಾಟಕ್ಕೆ ಬರುತ್ತದೆಯಲ್ಲ, ಅದು ಒಂದಲ್ಲ, ಎರಡು ಗಿಡ. ಮೇಲಿನದು ಪತ್ರಹರಿತ್ತಿಲ್ಲದ ಜಿಮ್ನೋಕ್ಯಾಲಿಸಿಯಮ್. ತನ್ನ ಅನ್ನ ತಾನು ಮಾಡಿಕೊಳ್ಳಲಾರದು. ಕೆಳಗಿನದು ಸಾಮಾನ್ಯವಾಗಿ ಡ್ರ್ಯಾಗನ್ ಹಣ್ಣಿನ ಬಳ್ಳಿ. ಈ ಕಸಿ ಕೆಲವೇ ವರ್ಷ ಬಾಳುತ್ತದೆ. ಒಣಗಿತೆಂದು ನಿಮ್ಮನ್ನು ನೀವು ದೂಷಿಸಿಕೊಳ್ಳಬೇಕಿಲ್ಲ. ಕಳ್ಳಿಯ ನೆತ್ತಿಗೆ ಒಣಹೂವನ್ನು ಅಂಟಿಸಿ ಮಾರುವುದೂ ಉಂಟು. ತಿಂಗಳಾದರೂ ಬಾಡದ ಹೂವು ಕಂಡರೆ ಅನುಮಾನಿಸಿ.

ಮಣ್ಣು, ನೀರು, ಮಳೆ

ನರ್ಸರಿಯ ಗಿಡಗಳು ಹೆಚ್ಚಾಗಿ ಬರುವುದು ತೆಂಗಿನ ನಾರಿನ ಪುಡಿಯಲ್ಲಿ ಅಥವಾ ಬಿಗಿಯಾದ ಕೆಮ್ಮಣ್ಣಿನಲ್ಲಿ. ಎರಡೂ ನಮ್ಮ ಮಳೆಗಾಲಕ್ಕೆ ಒಗ್ಗುವುದಿಲ್ಲ, ಒಮ್ಮೆ ನೆನೆದರೆ ಬೇಗ ಆರುವುದಿಲ್ಲ. ಎರಡು ಪಾಲು ಒರಟು ಮರಳು ಅಥವಾ ಕಡಲೆಕಾಳಿನ ಗಾತ್ರದ ಇಟ್ಟಿಗೆ ಚೂರು, ಒಂದು ಪಾಲು ಚೆನ್ನಾಗಿ ಕಳಿತ ಎಲೆಗೊಬ್ಬರ, ಒಂದು ಹಿಡಿ ಇದ್ದಿಲು ಸಾಕು. ಎಂ-ಸ್ಯಾಂಡ್ ಬಳಸುವುದಾದರೆ ಜರಡಿ ಹಿಡಿದು ಧೂಳನ್ನು ತೊಳೆದುಬಿಡಬೇಕು. ಇಲ್ಲವಾದರೆ ಅದು ಸಿಮೆಂಟಿನಂತೆ ಕೂಡಿಕೊಳ್ಳುತ್ತದೆ. ತಳದಲ್ಲಿ ತೂತಿರುವ ಮಣ್ಣಿನ ಕುಂಡ ಉತ್ತಮ. ಗಿಡವನ್ನು ಎತ್ತಲು ಮಡಚಿದ ಪತ್ರಿಕೆಯ ಪಟ್ಟಿಯನ್ನು ಸುತ್ತಿ ಹಿಡಿಯಿರಿ. ಕುಂಡ ಬದಲಿಸಿದ ಮೇಲೆ ಒಂದು ವಾರ ನೀರು ಬೇಡ, ತುಂಡಾದ ಬೇರುಗಳ ಗಾಯ ಒಣಗಬೇಕು.

'ವಾರಕ್ಕೊಂದು ಲೋಟ' ಎಂಬ ಲೆಕ್ಕವನ್ನು ಮರೆತುಬಿಡಿ. ಅಗರಬತ್ತಿಯ ಕಡ್ಡಿಯೊಂದನ್ನು ಕುಂಡದ ತಳದವರೆಗೆ ಇಳಿಸಿ ತೆಗೆಯಿರಿ. ಮಣ್ಣು ಅಂಟಿ ಬಂದರೆ ಕಾಯಿರಿ. ಒಣಗಿ ಬಂದರೆ ತಳದಿಂದ ಬಸಿಯುವವರೆಗೆ ನೀರು ಹಾಕಿ, ಮತ್ತೆ ಪೂರ್ತಿ ಒಣಗಲು ಬಿಡಿ. ಬೆಂಗಳೂರು, ಮೈಸೂರುಗಳಲ್ಲಿ ಡಿಸೆಂಬರ್-ಜನವರಿಯ ಒಣ ಚಳಿಯಲ್ಲಿ ನೀರನ್ನು ಬಹಳ ಕಡಿಮೆ ಮಾಡಿದರೆ ಮ್ಯಾಮಿಲೇರಿಯಾಗಳು ಮುಂದೆ ಚೆನ್ನಾಗಿ ಹೂ ಬಿಡುತ್ತವೆ. ಮಂಗಳೂರು, ಕಾರವಾರಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರು ಮತ್ತು ಗಾಳಿ ಎರಡೂ ಬೇಕು. ಮಳೆ ತಾಗದಿದ್ದರೂ ಗಾಳಿಯಾಡದ ತೇವದಲ್ಲಿ ಬೂಷ್ಟು ಹಿಡಿಯುತ್ತದೆ. ಕಲಬುರಗಿ, ರಾಯಚೂರುಗಳ ಸಮಸ್ಯೆ ಮಳೆಯಲ್ಲ, ಬಿಸಿಲು. ಏಪ್ರಿಲ್-ಮೇ ತಿಂಗಳಲ್ಲಿ ಶೇ. 50ರ ನೆರಳುಬಲೆ ಕಟ್ಟದಿದ್ದರೆ ಮೈ ಸುಟ್ಟು ಬಿಳಿಚಿದ ಕಲೆ ಉಳಿಯುತ್ತದೆ, ಅದು ಮಾಯುವುದಿಲ್ಲ.

ಬ್ರಹ್ಮಕಮಲದ ಲೆಕ್ಕವೇ ಬೇರೆ. ಅದಕ್ಕೆ ಬೆಳಗಿನ ಎಳೆ ಬಿಸಿಲು, ಎಲೆಗೊಬ್ಬರ ಹೆಚ್ಚಿರುವ ಸಡಿಲ ಮಣ್ಣು ಮತ್ತು ಸದಾ ತುಸು ತೇವ ಬೇಕು.

ದುಂಡಗಿರಬೇಕಾದ ಗಿಡದ ತುದಿ ಕೊಕ್ಕಿನಂತೆ ಸಣಕಲಾಗಿ ಉದ್ದವಾದರೆ ಬೆಳಕು ಸಾಲದೆಂದು ಅರ್ಥ. ಹಾಗೆಂದು ಒಮ್ಮೆಲೇ ಮಟಮಟ ಬಿಸಿಲಿಗೆ ಇಡಬೇಡಿ, ಹದಿನೈದು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಸರಿಸಿ. ಹತ್ತಿಯಂತಹ ಬಿಳಿ ತುಣುಕು ಕಂಡರೆ ಅದು ಹಿಟ್ಟುತಿಗಣೆ. ಹತ್ತಿಕಡ್ಡಿಯನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದಾಗಿ ಒರೆಸಬೇಕು. ಕಾರಣವಿಲ್ಲದೆ ಗಿಡ ಸೊರಗಿದರೆ ಬೇರನ್ನು ನೋಡಿ, ಅಲ್ಲೂ ಈ ಕೀಟ ಅಡಗಿರುತ್ತದೆ. ಬುಡ ಮೆತ್ತಗಾಗಿದ್ದರೆ ತಡಮಾಡದೆ ಶುಚಿಯಾದ ಚಾಕುವಿನಿಂದ ಕಂದು ಬಣ್ಣ ಪೂರ್ತಿ ಹೋಗುವವರೆಗೆ ಕೊಯ್ದು, ಉಳಿದ ಭಾಗವನ್ನು ನೆರಳಿನಲ್ಲಿ ವಾರಗಟ್ಟಲೆ ಒಣಗಿಸಿ ಮರಳಿನ ಮೇಲೆ ಕೂರಿಸಬೇಕು. ನಾನು ಅಂದು ಮೇಲಿನ ಹಸಿರನ್ನು ನಂಬದೆ ಒಂದು ವಾರ ಮೊದಲೇ ಬುಡವನ್ನು ಒತ್ತಿ ನೋಡಿದ್ದರೆ ಆ ಗಿಡ ಉಳಿಯುತ್ತಿತ್ತೇನೋ.

ಎಲ್ಲಿಂದ ಬಂದ ಗಿಡ?

ಅಪರೂಪದ ಕ್ಯಾಕ್ಟಸ್‌ನ ಆಸೆಗೆ ಇನ್ನೊಂದು ಮುಖವಿದೆ. 2015ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನವೊಂದು 1,478 ಪ್ರಭೇದಗಳನ್ನು ಪರಿಶೀಲಿಸಿ, ಅವುಗಳಲ್ಲಿ ಶೇ. 31ರಷ್ಟು ಅಳಿವಿನ ಭೀತಿಯಲ್ಲಿವೆ ಎಂದಿತು. ಕಾರಣಗಳಲ್ಲಿ ಸಂಗ್ರಾಹಕರಿಗಾಗಿ ನಡೆಯುವ ಕಳವೂ ಒಂದು. 2020ರಲ್ಲಿ ಇಟಲಿಯ ಪೊಲೀಸರು ಒಬ್ಬ ಸಂಗ್ರಾಹಕನ ಮನೆಯಿಂದ ಚಿಲಿಯ ಅಟಕಾಮಾ ಮರುಭೂಮಿಯಲ್ಲಿ ಅಗೆದು ತಂದಿದ್ದ 1,000ಕ್ಕೂ ಹೆಚ್ಚು ಕ್ಯಾಕ್ಟಸ್‌ಗಳನ್ನು ವಶಪಡಿಸಿಕೊಂಡರು. ಕೆಲವು ಶತಮಾನ ಕಂಡ ಗಿಡಗಳು. ಬದುಕುಳಿದವುಗಳಲ್ಲಿ 800ಕ್ಕೂ ಹೆಚ್ಚನ್ನು 2021ರಲ್ಲಿ ಚಿಲಿಗೆ ಮರಳಿಸಲಾಯಿತು.

ಕ್ಯಾಕ್ಟಸ್ ಕುಟುಂಬ, ಕೆಲವು ವಿನಾಯಿತಿಗಳ ಹೊರತು, ವನ್ಯಜೀವಿ ವ್ಯಾಪಾರದ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ; ಎರಿಯೊಕಾರ್ಪಸ್ ಕುಲ ಮತ್ತು ಆಸ್ಟ್ರೋಫೈಟಮ್ ಆಸ್ಟೀರಿಯಾಸ್ ಅತ್ಯಂತ ಬಿಗಿಯಾದ ಮೊದಲ ಪಟ್ಟಿಯಲ್ಲಿವೆ. ವಿದೇಶದಿಂದ ಗಿಡ ತರಿಸಲು 2003ರ ಸಸ್ಯ ಕ್ವಾರಂಟೈನ್ ಆದೇಶದ ಪರವಾನಗಿಯೂ ಬೇಕು. ಅಂಚೆಯ ಪೊಟ್ಟಣದಲ್ಲಿ ಗುಟ್ಟಾಗಿ ಬರುವ 'ಅಪರೂಪದ ದೊಡ್ಡ ಗಿಡ' ಎಷ್ಟೇ ಅಗ್ಗವಾದರೂ ಕೊಳ್ಳತಕ್ಕದ್ದಲ್ಲ. ಬುಡ ಒರಟಾಗಿ, ಮುಳ್ಳುಗಳು ಸವೆದು ಮುರಿದು, ಬೇರು ಕತ್ತರಿಸಿದಂತಿದ್ದರೆ ಅದನ್ನು ನೆಲದಿಂದ ಕಿತ್ತಿರುವ ಸಂಭವ ಹೆಚ್ಚು. ಬೀಜದಿಂದ ಬೆಳೆಸಿದ ಗಿಡ ಸಾಮಾನ್ಯವಾಗಿ ಚಿಕ್ಕದು, ಸಮರೂಪದ್ದು, ಬುಡದವರೆಗೂ ಶುಚಿಯಾದದ್ದು. ಕಲಿಂಪಾಂಗ್‌ನ ನರ್ಸರಿಗಳಿಂದ ಹಿಡಿದು ನಮ್ಮ ಊರಿನ ಹವ್ಯಾಸಿಗಳವರೆಗೆ ಹೀಗೆ ಗಿಡ ಬೆಳೆಸಿ ಮಾರುವವರು ದೇಶದಲ್ಲೇ ಇದ್ದಾರೆ. 'ಬೀಜದಿಂದ ಬೆಳೆಸಿದ್ದೇ, ಯಾವ ವರ್ಷ ಬಿತ್ತಿದ್ದು?' ಎಂದು ಕೇಳಿದರೆ ಬೆಳೆಸಿದವರು ಸಂತೋಷದಿಂದಲೇ ಹೇಳುತ್ತಾರೆ.

ನನ್ನ ಎರಡನೆಯ ಆಸ್ಟ್ರೋಫೈಟಮ್ ಹಾಗೆ ಬಂದದ್ದು. ಸದ್ಯ ನಿಂಬೆಹಣ್ಣಿನ ಗಾತ್ರವಿದೆ. ಮಳೆಗಾಲ ಮುಗಿಯುವವರೆಗೆ ಸಜ್ಜಾದ ಕೆಳಗಿರುತ್ತದೆ, ಪಕ್ಕದಲ್ಲೇ ಅಗರಬತ್ತಿಯ ಕಡ್ಡಿ.