ಸೇತುವೆ ಒಂದು, ಸೊನ್ನೆ ಎರಡು

ರೈಲು ನಿಲ್ದಾಣದ ಹಳದಿ ಫಲಕದ ಮೇಲೆ ಊರಿನ ಹೆಸರಿನೊಡನೆ ಸಮುದ್ರಮಟ್ಟದಿಂದ ಅದರ ಎತ್ತರವನ್ನೂ ಬರೆದಿರುವುದನ್ನು ವಾಚಕರು ನೋಡಿರಬಹುದು. ಹುಮನಾಬಾದಿನ ವಿದ್ಯಾರ್ಥಿಯೊಬ್ಬನು ಇದನ್ನು ಕುರಿತು, “ಯಾವ ಸಮುದ್ರ, ಸರ್?” ಎಂದು ನನ್ನನ್ನು ಕೇಳಿದನು. ಕಡಲಿನಿಂದ ನೂರಾರು ಕಿಲೋಮೀಟರು ದೂರವಿರುವ ನಮ್ಮ ಬಸವಕಲ್ಯಾಣ, ಹುಮನಾಬಾದುಗಳಲ್ಲಿ ಇದು ಸಹಜವಾದ ಪ್ರಶ್ನೆ. ಈ ಪ್ರಶ್ನೆಯನ್ನು ಲಘುವಾಗಿ ಕಂಡುದರಿಂದಲೇ ಯೂರೋಪಿನ ಸೇತುವೆಯೊಂದು ಪೇಚಿಗೆ ಸಿಕ್ಕಿತು.

ರೈನ್ ನದಿಯ ಇಬ್ಬದಿಗೂ ಲೌಫೆನ್‌ಬುರ್ಗ್ ಎಂಬ ಹೆಸರಿನದೇ ಊರು. 1801ರವರೆಗೆ ಅದು ಒಂದೇ ಪಟ್ಟಣ. ಈಗ ಒಂದು ದಡ ಜರ್ಮನಿಯದು, ಇನ್ನೊಂದು ಸ್ವಿಟ್ಜರ್ಲೆಂಡಿನದು. ಇಲ್ಲಿ ಹೊಸ ಸೇತುವೆಯನ್ನು ಕಟ್ಟುತ್ತಿದ್ದಾಗ, 2003ರಲ್ಲಿ, ಎರಡು ಕಡೆಯ ಮಟ್ಟಗಳಿಗೆ 54 ಸೆಂಟಿಮೀಟರು ವ್ಯತ್ಯಾಸವಿರುವುದು ಕಂಡುಬಂದಿತು.

ಕಡಲಿನ ನೀರು ಎಲ್ಲೆಡೆಯೂ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಉಪ್ಪಿನಂಶ, ಉಷ್ಣತೆ, ಗಾಳಿ, ಪ್ರವಾಹಗಳಿಗೆ ಅನುಗುಣವಾಗಿ ಸರಾಸರಿ ಮಟ್ಟವೂ ಬದಲಾಗುತ್ತದೆ. ಜರ್ಮನಿಯ ಸೊನ್ನೆ ಆಮ್‌ಸ್ಟರ್‌ಡಾಮಿನದು. ಸ್ವಿಟ್ಜರ್ಲೆಂಡಿನದು ಮಾರ್ಸೇಲ್ಸಿನ ಮೆಡಿಟರೇನಿಯನ್ ಮಟ್ಟದಿಂದ ಬಂದುದು. ಇವೆರಡಕ್ಕೂ 27 ಸೆಂಟಿಮೀಟರು ಅಂತರ. ಎಂಜಿನಿಯರುಗಳಿಗೆ ಇದು ತಿಳಿಯದೆ ಇರಲಿಲ್ಲ. ಆದರೆ ಲೆಕ್ಕದಲ್ಲಿ ಚಿಹ್ನೆ ತಿರುವುಮುರುವಾಯಿತು. ಒಂದು ಅಳತೆಯಲ್ಲಿ 100 ಮೀಟರು ಎನಿಸುವ ಬಿಂದು ಇನ್ನೊಂದರಲ್ಲಿ 100.27 ಎಂದಿಟ್ಟುಕೊಳ್ಳಿ, ಕೂಡುವುದಕ್ಕೆ ಬದಲಾಗಿ ಕಳೆದರೆ 99.73 ಆಗುತ್ತದೆ. ತಿದ್ದಲು ಹೋದ ತಪ್ಪು ಇಮ್ಮಡಿಸಿತು! (ಉತ್ತರ ಪತ್ರಿಕೆಯಲ್ಲಿ ಚಿಹ್ನೆಯ ತಪ್ಪಿಗೆ ಅಂಕ ಕಳೆದರೆ ಮುನಿಯುವವರು ಇದನ್ನು ಗಮನಿಸಬೇಕು.) ಜರ್ಮನಿಯ ಕಡೆಯ ಮಟ್ಟವನ್ನು ತಗ್ಗಿಸಿ, 2004ರಲ್ಲಿ ಸೇತುವೆಯನ್ನು ಮುಗಿಸಿದರು.

ನಮ್ಮ ಮಾಂಜ್ರಾ ನದಿ ಮಹಾರಾಷ್ಟ್ರದಲ್ಲಿ ಹುಟ್ಟಿ, ಬೀದರ ಜಿಲ್ಲೆಯನ್ನು ಹಾದು ತೆಲಂಗಾಣವನ್ನು ಸೇರುತ್ತದೆ. ರಾಜ್ಯಗಳು ಮೂರಾದರೂ ಈ ತೊಡಕು ಇಲ್ಲಿ ಏಳುವುದಿಲ್ಲ. ಭಾರತದ ಸರ್ವೇಕ್ಷಣ ಇಲಾಖೆಯು ಮುಂಬಯಿ, ಕಾರವಾರ, ಕೊಚ್ಚಿ, ಮದರಾಸು ಮೊದಲಾದ 9 ಕಡೆಗಳಲ್ಲಿ ಉಬ್ಬರವಿಳಿತಗಳನ್ನು ಅಳೆದು, 1909ರ ಹೊತ್ತಿಗೆ ಇಡೀ ದೇಶಕ್ಕೆ ಒಂದೇ ಆಧಾರಮಟ್ಟವನ್ನು ಗೊತ್ತುಪಡಿಸಿತು. ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಇದೇ: ಒಂದು ಸಮುದ್ರವಲ್ಲ, ಎರಡೂ ಕರಾವಳಿಗಳ ಸರಾಸರಿ.

ಹಾಗಾದರೆ ಎರಡು ದೇಶಗಳ ನಡುವಣ ಸೇತುವೆಗೆ ಉಪಾಯವೇನು? ಸಮುದ್ರವನ್ನು ಮರೆತು ಎದುರು ದಡವನ್ನು ನೋಡುವುದು! ಮಟ್ಟದ ದೂರದರ್ಶಕವನ್ನು ಈ ದಡದಲ್ಲಿಟ್ಟು, ಎರಡೂ ದಡಗಳಲ್ಲಿ ನಿಲ್ಲಿಸಿದ ಅಳತೆಗೋಲುಗಳನ್ನು ಓದಿದರೆ ಎತ್ತರದ ವ್ಯತ್ಯಾಸ ನೇರವಾಗಿ ದೊರೆಯುತ್ತದೆ. ಭೂಮಿ ದುಂಡಗಿರುವುದರಿಂದ 200 ಮೀಟರು ದೂರದಲ್ಲಿ ಸುಮಾರು 3 ಮಿಲಿಮೀಟರು ತಪ್ಪು ಬರುತ್ತದೆ. ಬೆಳಕು ಗಾಳಿಯಲ್ಲಿ ಬಾಗುವುದರಿಂದ ಅದು ತುಸು ಬದಲಾಗುತ್ತದೆ. ಇದಕ್ಕಾಗಿ ಉಪಕರಣವನ್ನು ಆಚೆಯ ದಡಕ್ಕೆ ಒಯ್ದು ಮತ್ತೊಮ್ಮೆ ಓದಿ, ಎರಡು ಫಲಗಳ ಸರಾಸರಿಯನ್ನು ತೆಗೆದುಕೊಳ್ಳುತ್ತಾರೆ. ಮೊದಲ ಸಲ ಕೂಡಿಕೊಂಡ ತಪ್ಪು ಎರಡನೆಯ ಸಲ ಕಳೆದುಹೋಗುತ್ತದೆ.