ಮನೆಯಲ್ಲಿ ಭಾವಚಿತ್ರ: ಮುಖಕ್ಕೆ ತಕ್ಕ ಬೆಳಕು

ನಮ್ಮ ವಾಚನಾಲಯಕ್ಕೆ ಬರುವ ತರುಣ ಮಿತ್ರರೊಬ್ಬರು ಈಚೆಗೆ ತಮ್ಮ ಭಾವಚಿತ್ರವೊಂದನ್ನು ನಮಗೆ ತೋರಿಸಿದರು. ಹೆಣ್ಣಿನ ಕಡೆಯವರಿಗೆ ಕಳುಹಿಸಲೆಂದು ತಮ್ಮ ಖೋಲಿಯಲ್ಲಿಯೇ, ಸುಣ್ಣ ಹಚ್ಚಿದ ಗೋಡೆಗೆ ಬೆನ್ನುಕೊಟ್ಟು ನಿಂತು, ಜೊತೆಗಾರರ ಮೊಬೈಲಿನಲ್ಲಿ ತೆಗೆಯಿಸಿಕೊಂಡದ್ದು. ಬಿಳಿಯ ಗೋಡೆ ಬೂದಿಬಣ್ಣಕ್ಕೆ ತಿರುಗಿತ್ತು. ಮುಖ ಮಸಿ ಬಳಿದಂತಿತ್ತು. "ಯಾಕೋ ತಮ್ಮಾ, ಹಿಂಗ್ಯಾಕ ಸೊರಗೀದಿ? ಹೊತ್ತಿಗೆ ಸರಿಯಾಗಿ ಉಣ್ತೀಯೊ ಇಲ್ಲೊ?" ಎಂದು ತಾಯಿ ಊರಿನಿಂದ ಕೇಳಿದರಂತೆ. ಮಿತ್ರರಾದರೋ, "ನನ್ನ ಬಣ್ಣವೇ ಅಷ್ಟು, ಪಾಪ, ಕ್ಯಾಮರಾ ಏನು ಮಾಡೀತು?" ಎಂದು ನಕ್ಕುಬಿಟ್ಟರು. ಆ ಮಾತಿಗೆ ನಾವು ಒಪ್ಪಲಿಲ್ಲ. ತಪ್ಪು ಬಣ್ಣದ್ದಲ್ಲ, ಬೆಳಕಿನ ಅಳತೆಯದು. ಅನೇಕರಿಗೆ ಉಪಯೋಗವಾದೀತೆಂದು ಆ ವಿಷಯವನ್ನು ಇಲ್ಲಿ ಬರೆಯುತ್ತಿದ್ದೇವೆ.

ಕ್ಯಾಮರಾದಲ್ಲಿ ಬೆಳಕನ್ನು ಅಳೆಯುವ ಮಾಪಕವೊಂದಿರುತ್ತದೆ. ಎದುರಿಗಿರುವ ದೃಶ್ಯವೆಲ್ಲವೂ ಸರಾಸರಿಯಲ್ಲಿ ನಡುಬೂದಿಯ ಬಣ್ಣದ್ದು, ಎಂದರೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 18ರಷ್ಟನ್ನು ಹಿಂದಿರುಗಿಸುವಂಥದು, ಎಂಬುದು ಅದರ ಲೆಕ್ಕ. ಬಿಳಿಗೋಡೆ ಎದುರಾದಾಗ ಅದು "ಬೆಳಕು ಹೆಚ್ಚಾಯಿತು" ಎಂದು ತಿಳಿದು ಬೆಳಕನ್ನು ತಗ್ಗಿಸುತ್ತದೆ. ಗೋಡೆಯೊಡನೆ ಮುಖವೂ ಕಪ್ಪಾಗುತ್ತದೆ. ಹಿಂದೆ ಕಪ್ಪು ಬೀರುವಿದ್ದರೆ ಇದಕ್ಕೆ ವಿಪರೀತವಾಗಿ ಮುಖ ಸುಣ್ಣವಾಗುತ್ತದೆ. ಇಂದಿನ ಅನೇಕ ಮೊಬೈಲುಗಳು ಮುಖವನ್ನು ಗುರುತಿಸಬಲ್ಲವು. ಆದರೂ ಹಿನ್ನೆಲೆ ತೀರ ಬೆಳ್ಳಗಿದ್ದಲ್ಲಿ ಅವೂ ಮೋಸ ಹೋಗುವುದುಂಟು.

ಕಪ್ಪು ಮೈಬಣ್ಣಕ್ಕೆ ಇಂಥ ಅನ್ಯಾಯ ಹೊಸದಲ್ಲ. ಬಣ್ಣದ ಚಿತ್ರಗಳನ್ನು ಮುದ್ರಿಸುವವರು ಹೋಲಿಸಿ ನೋಡಲೆಂದು ಅಮೆರಿಕದ ಕೊಡಕ್ ಸಂಸ್ಥೆ ಒದಗಿಸುತ್ತಿದ್ದ 'ಶರ್ಲಿ ಕಾರ್ಡು'ಗಳಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಹೆಂಗಸಿನ ಚಿತ್ರವೇ. ನಾನಾ ಮೈಬಣ್ಣದ ಹೆಂಗಸರನ್ನು ಒಟ್ಟಿಗೆ ತೋರಿಸುವ ಕಾರ್ಡು ಬಂದದ್ದು 1990ರ ದಶಕದಲ್ಲಿ.

ಇನ್ನು ನಮ್ಮ ಖೋಲಿಗೆ ಬರೋಣ. ಹಗಲಿನಲ್ಲಿ ಕಿಟಕಿಗಿಂತ ಒಳ್ಳೆಯ ದೀಪವಿಲ್ಲ. ನೇರ ಬಿಸಿಲು ಬೀಳದ ಕಿಟಕಿಯಿಂದ ಎರಡು ಮೂರು ಅಡಿ ದೂರದಲ್ಲಿ, ಬೆಳಕು ಓರೆಯಾಗಿ ಮುಖಕ್ಕೆ ಬೀಳುವಂತೆ ಕುಳಿತುಕೊಳ್ಳಬೇಕು. ಕಿಟಕಿಗೆ ಬೆನ್ನು ಕೊಡಬಾರದು. ಆಚೆಯ ಕೆನ್ನೆ ಕತ್ತಲಾದರೆ ಆ ಬದಿಗೆ ಬಿಳಿಯ ಥರ್ಮೊಕೋಲಿನ ಹಲಗೆಯನ್ನೋ ಕುರ್ಚಿಯ ಮೇಲೆ ಹರಡಿದ ಬಿಳಿಯ ಧೋತರವನ್ನೋ ಇಟ್ಟರೆ ಸಾಕು.

ರಾತ್ರಿಯಾದರೆ ತಂತಿಯ ತುದಿಯಲ್ಲಿರುವ 9 ವಾಟಿನ ಒಂದು ಎಲ್.ಇ.ಡಿ. ಬಲ್ಬಿನಿಂದಲೂ ಕೆಲಸವಾಗುತ್ತದೆ. ಅದನ್ನು ತಲೆಗಿಂತ ತುಸು ಮೇಲೆ, ಒಂದು ಪಕ್ಕಕ್ಕೆ ಹಿಡಿಯಬೇಕು. ನೆತ್ತಿಯ ಮೇಲೆ ತೂಗಿದರೆ ಕಣ್ಣಿನ ಕುಳಿಯಲ್ಲಿ ನೆರಳು ತುಂಬಿ ಗಟ್ಟಿಮುಟ್ಟಾದವರೂ ರೋಗಿಗಳಂತೆ ಕಾಣುತ್ತಾರೆ. ಬಲ್ಬಿಗೂ ಮುಖಕ್ಕೂ ನಡುವೆ ತೆಳುವಾದ ಧೋತರವನ್ನು ತೆರೆಯಂತೆ ಕಟ್ಟಿದರೆ ನೆರಳು ಮೆತ್ತಗಾಗುತ್ತದೆ. ಬಟ್ಟೆಯನ್ನು ಬಲ್ಬಿಗೆ ಸುತ್ತಬೇಡಿ. ಹ್ಯಾಲೊಜೆನ್ ದೀಪವಾದರಂತೂ ಬೆಂಕಿಯ ಭಯ. ಹಳದಿ ಬಲ್ಬನ್ನೂ ಬಿಳಿಯ ಟ್ಯೂಬ್‌ಲೈಟನ್ನೂ ಒಟ್ಟಿಗೆ ಹಚ್ಚಿದರೆ ಒಂದು ಕೆನ್ನೆ ಹಳದಿ, ಇನ್ನೊಂದು ನೀಲಿ ಆದೀತು, ಒಂದನ್ನು ಆರಿಸಿ.

ದೂರದ ಲೆಕ್ಕವನ್ನೂ ನೆನಪಿಡಬೇಕು. ಬಲ್ಬನ್ನು ಎರಡು ಅಡಿಯಿಂದ ನಾಲ್ಕು ಅಡಿಗೆ ಸರಿಸಿದರೆ ಮುಖದ ಮೇಲಿನ ಬೆಳಕು ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಬೆಳಕು ಸಾಲದೆಂದು ಹೊಸ ಬಲ್ಬು ಕೊಳ್ಳುವ ಮೊದಲು ಇದ್ದುದನ್ನೇ ಹತ್ತಿರಕ್ಕೆ ತನ್ನಿ. ನೀವು ಗೋಡೆಯಿಂದ ಮೂರು ನಾಲ್ಕು ಅಡಿ ಮುಂದೆ ಬಂದರೆ ಗೋಡೆ ತಾನಾಗಿಯೇ ಮಬ್ಬಾಗುತ್ತದೆ, ಮಾಪಕವೂ ಅಷ್ಟು ಮೋಸ ಹೋಗುವುದಿಲ್ಲ.

ಅಳತೆಗೆ ಒಳ್ಳೆಯ ಸಾಧನ ಅಂಗೈ. ಮುಖದ ಬಣ್ಣ ಒಬ್ಬೊಬ್ಬರದು ಒಂದೊಂದಾದರೂ ಅಂಗೈಯ ಬಣ್ಣದಲ್ಲಿ ಅಷ್ಟು ಅಂತರವಿಲ್ಲ. ಅದು ನಡುಬೂದಿಗಿಂತ ಸುಮಾರು ಎರಡರಷ್ಟು ಬೆಳಕನ್ನು ಹಿಂದಿರುಗಿಸುತ್ತದೆ. ಕುಳಿತವರು ಮುಖದ ಮುಂದೆ ಅಂಗೈಯನ್ನು ಬೆಳಕಿಗೆ ತಿರುಗಿಸಿ ಹಿಡಿಯಲಿ. ಅಂಗೈ ಚೌಕಟ್ಟನ್ನು ತುಂಬುವಷ್ಟು ಹತ್ತಿರದಿಂದ ಅಳೆದು, ಬಂದ ಬೆಳಕಿಗೆ ಒಂದರಷ್ಟು ಸೇರಿಸಬೇಕು. ಕ್ಯಾಮರಾ 1/100 ಸೆಕೆಂಡು ಎಂದರೆ ನೀವು 1/50 ಕೊಡಿ. ಮೊಬೈಲಿನಲ್ಲಾದರೆ ತೆರೆಯ ಮೇಲೆ ಅಂಗೈಯನ್ನು ಒತ್ತಿ ಹಿಡಿಯಿರಿ; ಅನೇಕ ಮೊಬೈಲುಗಳಲ್ಲಿ ಅಳತೆ ಅಲ್ಲಿಗೇ ನಿಲ್ಲುತ್ತದೆ. ಬಳಿಕ ಕೈ ತೆಗೆದು, ಸೂರ್ಯನ ಗುರುತನ್ನು ತುಸು ಮೇಲಕ್ಕೆ ಸರಿಸಿ ಚಿತ್ರ ತೆಗೆಯಿರಿ. ನಮ್ಮ ದೇಶದ ವಿದ್ಯುತ್ತು 50 ಆವರ್ತದ್ದಾದ್ದರಿಂದ ಕೆಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಚಿತ್ರದಲ್ಲಿ ಪಟ್ಟೆಗಳು ಬಿದ್ದರೆ ಈ 1/50 ಅಥವಾ 1/100ರ ವೇಗವೇ ಮದ್ದು. ಕೈ ನಡುಗದಂತೆ ಟ್ರಂಕಿನ ಮೇಲೆ ಪುಸ್ತಕಗಳನ್ನು ಪೇರಿಸಿ ಮೊಬೈಲನ್ನು ಆನಿಸಿಡಿ.

ತೆಗೆದ ಮೇಲೆ ಹಣೆಯನ್ನೂ ಮೂಗಿನ ತುದಿಯನ್ನೂ ನೋಡಿ. ಅಲ್ಲಿ ಬರಿಯ ಬಿಳುಪು ಕಂಡರೆ ಬೆಳಕು ಹೆಚ್ಚಾಯಿತೆಂದರ್ಥ. ಹೀಗೆ ಕಳೆದುಹೋದ ವಿವರ ಡಿಜಿಟಲ್ ಚಿತ್ರದಲ್ಲಿ ಮರಳಿ ಬಾರದು. ತುಸು ಕಪ್ಪಾದದ್ದನ್ನು ಆಮೇಲೆ ಎತ್ತಬಹುದು. ಫಿಲ್ಮಿನ ನೆಗೆಟಿವಿನಲ್ಲಿ ಹೀಗಲ್ಲ, ಅಲ್ಲಿ ಬೆಳಕು ಕಡಿಮೆಯಾದರೇ ಕೇಡು. ಮುಖವನ್ನು ಬೆಳ್ಳಗೆ ಮಾಡಿಕೊಡುವ 'ಬ್ಯೂಟಿ' ಸೌಕರ್ಯವನ್ನು ಮಾತ್ರ ಮುಚ್ಚಿಡಿ. ನಾಳೆ ಎದುರಿಗೆ ನಿಲ್ಲಬೇಕಾದದ್ದು ನಮ್ಮ ಸ್ವಂತ ಮುಖವಲ್ಲವೇ?

ಆ ಮಿತ್ರರ ಚಿತ್ರವನ್ನು ಮರುವಾರ ವಾಚನಾಲಯದ ಕಿಟಕಿಯ ಬಳಿ ಮತ್ತೆ ತೆಗೆದೆವು. ಅವರು ಕಪ್ಪಗೇ ಇದ್ದಾರೆ. ಕಣ್ಣು, ಮೀಸೆ, ತುಟಿಯಂಚಿನ ನಗೆ ಎಲ್ಲವೂ ಕಾಣುತ್ತವೆ. ತಾಯಿ ಈ ಸಲ ಊಟದ ವಿಚಾರ ಕೇಳಲಿಲ್ಲವಂತೆ. ಬೇಕಾದವರ ಉಪಯೋಗಕ್ಕೆಂದು ಥರ್ಮೊಕೋಲಿನ ಹಲಗೆಯೊಂದನ್ನೂ ಬಿಳಿಯ ಧೋತರವನ್ನೂ ಪತ್ರಿಕೆಗಳ ಕಪಾಟಿನ ಪಕ್ಕದಲ್ಲಿ ಇಟ್ಟಿದ್ದೇವೆ. ರವಿವಾರ ಮಧ್ಯಾಹ್ನ ಕಿಟಕಿಯ ಬೆಳಕು ಚೆನ್ನಾಗಿರುತ್ತದೆ. ಓದುವವರಿಗೆ ತೊಂದರೆಯಾಗದಂತೆ ಬಳಸಿಕೊಳ್ಳಬೇಕೆಂದು ವಿನಂತಿ.